ಹತ್ತು ಮೇಕೆ, ಒಂದು ಹೋತ: ಅಟ್ಟಣಿಗೆ ಕೊಟ್ಟಿಗೆಯಿಂದ ಕಿವಿಯೋಲೆವರೆಗೆ

ಸ್ವಂತ ಜಮೀನಿನಲ್ಲಿ ಹತ್ತು ಮೇಕೆ, ಒಂದು ಹೋತ ಸಾಕುತ್ತೇನೆಂದರೆ ಹಳ್ಳಿ ಕಡೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಕೃಷಿ ಜಮೀನಿನಲ್ಲಿ ಕೊಟ್ಟಿಗೆ ಹಾಕಿಕೊಳ್ಳಲು ಭೂಪರಿವರ್ತನೆಯೂ ಬೇಡ. ಆದರೆ ಮೇಕೆಯ ಕಿವಿಗೆ 12 ಅಂಕಿಯ ಓಲೆ ಬಿದ್ದು, ಆ ಅಂಕಿ ನಿಮ್ಮ ಹೆಸರಿನಲ್ಲಿ ಜಾನುವಾರು ದಾಖಲೆಯ ಭಾರತ್ ಪಶುಧನ್ ತಂತ್ರಾಂಶಕ್ಕೆ ಏರುವ ತನಕ ಸರ್ಕಾರದ ಲೆಕ್ಕದಲ್ಲಿ ಅದು ನಿಮ್ಮದಲ್ಲ. ವಿಮೆ ಮಾಡಿಸಲು ಬರುವುದಿಲ್ಲ, ಹಾಕಿಸಿದ ಲಸಿಕೆಗೆ ದಾಖಲೆ ಇರುವುದಿಲ್ಲ, ಕಳುವಾದರೆ ತೋರಿಸಲು ಗುರುತಿಲ್ಲ. ಹಾಗಾಗಿ ಈ ಕೆಲಸದಲ್ಲಿ ಮರಗೆಲಸ, ವೆಲ್ಡಿಂಗ್ ಎಷ್ಟು ಮುಖ್ಯವೋ ಓಲೆ, ಕಾಗದವೂ ಅಷ್ಟೇ ಮುಖ್ಯ. ಎರಡನ್ನೂ ಒಟ್ಟಿಗೆ ಓಡಿಸಬೇಕು. ಮೇಕೆ ತಂದು ಹಲಸಿನ ಮರಕ್ಕೆ ಕಟ್ಟಿ ಆಮೇಲೆ ಕೊಟ್ಟಿಗೆ ನೋಡೋಣ ಎನ್ನುವವರೇ ಮೊದಲ ಮಳೆಗಾಲದಲ್ಲಿ ಮರಿ ಕಳೆದುಕೊಳ್ಳುವುದು.

ಅಟ್ಟಣಿಗೆ ಕೊಟ್ಟಿಗೆ ಎಂದರೆ ಕಂಬಗಳ ಮೇಲೆ ಎತ್ತರಕ್ಕೆ, ಸಂದಿ ಬಿಟ್ಟು ಹಾಸು ಹಾಕಿದ ಕೊಟ್ಟಿಗೆ; ಹಿಕ್ಕೆ, ಗಂಜಲ ಸಂದಿಯಿಂದ ಕೆಳಗೆ ಬೀಳುತ್ತವೆ. ಇಲ್ಲಿರುವ ಅಳತೆ ಬಯಲುಸೀಮೆಗೆ, ಅಂದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗೆ ಒಪ್ಪುವಂಥದ್ದು. ತಳಿ ನಂದಿದುರ್ಗ. ಆ ಸೀಮೆಯದೇ ಮೇಕೆ. ಅಲ್ಲಿನ ಬಿಸಿಲು, ಅಲ್ಲಿನ ಸೊಪ್ಪು ಅದಕ್ಕೆ ಹೊಸದಲ್ಲ. ಬನ್ನೂರು ಕುರಿಗೂ ಇದೇ ಕೊಟ್ಟಿಗೆ ಆಗುತ್ತದೆ, ಮೇವಿನ ಗೋದಲಿ ಮಾತ್ರ ಮೂರು ನಾಲ್ಕು ಇಂಚು ಕೆಳಗಿರಲಿ.

ಕೊಟ್ಟಿಗೆಗೂ ಮೊದಲು ಮಾಡಿಕೊಳ್ಳುವ ಕಾಗದ

ಮೊದಲನೆಯದು ರಾಜ್ಯದ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ, ಜನ ಎಫ್‌ಐಡಿ ಎನ್ನುವುದು. ಪಹಣಿ ನಿಮ್ಮ ಹೆಸರಿನಲ್ಲಿದ್ದು ಹಿಂದೆ ಬೆಳೆ ಪರಿಹಾರವನ್ನೋ ಬೆಂಬಲ ಬೆಲೆಯನ್ನೋ ಪಡೆದಿದ್ದರೆ ಅದು ಆಗಲೇ ಆಗಿರುತ್ತದೆ. ಇಲ್ಲದಿದ್ದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಬೇಕು. ಪಹಣಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದಕ್ಷರ ಹೊಂದದಿದ್ದರೂ ಕೆಲಸ ನಿಲ್ಲುತ್ತದೆ. ಆ ತಿದ್ದುಪಡಿಗೆ ಕೊಟ್ಟಿಗೆ ಕಟ್ಟುವುದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು, ಆದ್ದರಿಂದ ಮೊದಲು ಅದನ್ನೇ ನೋಡಿ.

ಎರಡನೆಯದು ತಾಲ್ಲೂಕಿನ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘದ ಸದಸ್ಯತ್ವ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಸವಲತ್ತುಗಳಲ್ಲಿ ಹಲವು ಈ ಸಂಘಗಳ ಮೂಲಕವೇ ಬರುತ್ತವೆ. ಷೇರು ಹಣ ಕಟ್ಟಿದ ರಸೀದಿ ಜೋಪಾನ.

ಸಬ್ಸಿಡಿಯ ವಿಷಯ ಇಲ್ಲಿಗೇ ಮುಗಿಸುವುದು ಒಳ್ಳೆಯದು. ರಾಷ್ಟ್ರೀಯ ಜಾನುವಾರು ಮಿಷನ್ನಿನ ಶೇ. 50ರ ಸಹಾಯಧನ ಶುರುವಾಗುವುದೇ 100 ಹೆಣ್ಣು, 5 ಗಂಡಿನ ಘಟಕದಿಂದ. ಹತ್ತು ಮೇಕೆಗೆ ಅದು ಸಿಗುವುದಿಲ್ಲ. ‘ಶೆಡ್ ಹಾಕಿ, ಅರ್ಧ ದುಡ್ಡು ಬರುತ್ತೆ’ ಎಂದು ಫೈಲು ಮಾಡಿಕೊಡಲು ಮುಂಗಡ ಕೇಳುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಸಣ್ಣ ಹಿಂಡಿಗೆ ಉಪಯೋಗಕ್ಕೆ ಬರುವುದು ಪಶುಸಂಗೋಪನೆಗೂ ವಿಸ್ತರಿಸಿರುವ ಕಿಸಾನ್ ಕ್ರೆಡಿಟ್ ಕಾರ್ಡ್, ವಿಮೆಯ ಮೇಲಿನ ಸಹಾಯಧನ, ಪಶು ಆಸ್ಪತ್ರೆಯ ಉಚಿತ ಲಸಿಕೆ. ವಿಮೆಗೂ ಲಸಿಕೆಯ ದಾಖಲೆಗೂ ಬುಡ ಕಿವಿಯೋಲೆ.

ಜಾಗ, ದಿಕ್ಕು, ಗುರುತು

ಮಳೆಗಾಲದ ಗಾಳಿ ನಮ್ಮಲ್ಲಿ ಪಡುವಣದಿಂದ ಬೀಸುತ್ತದೆ. ಆದ್ದರಿಂದ ಕೊಟ್ಟಿಗೆ ಮನೆಯಿಂದ ಮೂಡಣಕ್ಕೋ ಈಶಾನ್ಯಕ್ಕೋ ಇದ್ದರೆ ಹೋತದ ವಾಸನೆ ಅಡುಗೆಮನೆಗೆ ಬರುವುದಿಲ್ಲ. ಮನೆಯಿಂದ ಕನಿಷ್ಠ 50 ಅಡಿ ದೂರವಿರಲಿ, ಬಾವಿಯಿಂದ ಅದಕ್ಕಿಂತ ದೂರ ಮತ್ತು ತಗ್ಗಿನಲ್ಲಿ. ಉದ್ದನೆಯ ಬದಿ ಪೂರ್ವ-ಪಶ್ಚಿಮ. ಹೀಗಿಟ್ಟರೆ ಮಧ್ಯಾಹ್ನದ ಬಿಸಿಲು ಒಳಗೆ ಬೀಳುವುದಿಲ್ಲ, ಬೆಳಗಿನದು ಒಂದು ಮೂಲೆಗೆ ಮಾತ್ರ ಬರುತ್ತದೆ.

ಅಳತೆ 19 ಅಡಿ 8 ಇಂಚು × 12 ಅಡಿ. ಈ ಎಡವಟ್ಟು ಅಂಕಿಗೆ ಕಾರಣವಿದೆ. ಅಂಗಡಿಯಲ್ಲಿ ‘20 ಅಡಿ ಪೈಪ್’ ಎಂದು ಕೊಡುವುದು ನಿಜಕ್ಕೂ 6 ಮೀಟರ್, ಅಂದರೆ 19 ಅಡಿ 8 ಇಂಚು. ಕಂಬಗಳನ್ನು ಸರಿಯಾಗಿ 20 ಅಡಿಗೆ ನೆಟ್ಟರೆ ಹಾಸು ಹೊರುವ ಕಬ್ಬಿಣದ ಚಾನೆಲ್ಲಿನ ತುದಿ ಕಂಬದ ಅಂಚಿನ ಮೇಲೆ ಎರಡಿಂಚು ಮಾತ್ರ ಕೂರುತ್ತದೆ. ಆಮೇಲೆ ನಾಲ್ಕಿಂಚಿನ ತುಂಡಿಗಾಗಿ ಹೊಸ ಚಾನೆಲ್ ಕತ್ತರಿಸಿ ಬೆಸೆಯಬೇಕು, ಬೆಸುಗೆ ಬೀಳುವುದು ಭಾರ ಕೂರುವ ತುದಿಯಲ್ಲೇ. ಹೊರ ಅಂಚಿನಿಂದ ಹೊರ ಅಂಚಿಗೆ 19 ಅಡಿ 8 ಇಂಚು ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ. ದಾರ ಕಟ್ಟಿದ ಮೇಲೆ ಕರ್ಣ ಅಳೆಯಿರಿ: ಎರಡೂ 23 ಅಡಿ ಅರ್ಧ ಇಂಚಿನ ಆಸುಪಾಸಿಗೆ ಬರಬೇಕು. ಎರಡರ ನಡುವೆ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕ ಸೊಟ್ಟಗಿದೆ ಎಂದರ್ಥ. ಈಗ ತಿದ್ದದಿದ್ದರೆ ಹಾಸಿನ ಕೊನೆಯ ಸಾಲು ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪಗೆ ಬರುತ್ತದೆ.

ಒಳಗಿನ ಹಂಚಿಕೆ ಹೀಗೆ. ಹೆಣ್ಣು ಮೇಕೆಗಳ ದೊಡ್ಡ ಅಂಕಣ 12 × 12 ಅಡಿ. ಒಂದಕ್ಕೆ ಹದಿನಾಲ್ಕು ಚದರಡಿ ಸಿಗುತ್ತದೆ. ಹತ್ತು ಚದರಡಿ ಸಾಕೆನ್ನುತ್ತಾರೆ, ಆದರೆ ಕೋಡಿನ ಮೇಕೆಗಳಲ್ಲಿ ಯಜಮಾನಿಕೆ ಮಾಡುವ ಒಂದೆರಡು ಇದ್ದೇ ಇರುತ್ತವೆ, ಬಡಪಾಯಿಗಳಿಗೆ ಸರಿದು ನಿಲ್ಲಲು ಜಾಗ ಬೇಕು. ಉಳಿದ ಸುಮಾರು 8 ಅಡಿ ಉದ್ದದಲ್ಲಿ ಮರಿಗಳ ಅಂಕಣ 8 × 6, ಹೋತಕ್ಕೆ 4 × 6, ಈಯುವ ಮೇಕೆಗೆ 4 × 6. ಹೋತದ ಅಂಕಣ ಗಾಳಿ ಹೊರಹೋಗುವ ತುದಿಗಿರಲಿ.

ಹೊಸದಾಗಿ ತಂದ ಮೇಕೆ ಕಟ್ಟಲು ಇದರಿಂದ ನೂರು ಅಡಿಯಾಚೆ ಒಂದು ಪ್ರತ್ಯೇಕ ರೊಪ್ಪ ಬೇಕು. ಅದು ನೆಲದ ಮೇಲೇ ಇರಲಿ: ನಾಲ್ಕು ಕಂಬ, ತೆಂಗಿನ ಗರಿಯ ಮಾಡು, ಸುತ್ತ ಮೆಶ್. ಅದರ ನೀರಿನ ಬಕೀಟು, ಮೇವಿನ ಪುಟ್ಟಿ ಬೇರೆಯೇ. ಇದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಕಟ್ಟಿದವರೂ ಸಂತೆಯಿಂದ ಬಂದ ಒಂದೇ ಒಂದು ಕೆಮ್ಮುವ ಮೇಕೆಯಿಂದ ಹಿಂಡು ಕಳೆದುಕೊಂಡಿದ್ದುಂಟು.

ಕಲ್ಲುಕಂಬ

ಕೆಳಗಿನ ಕಾಲಿಗೆ ಕಬ್ಬಿಣ ಬೇಡ. ಗಂಜಲದ ತೇವದಲ್ಲಿ ನೆಲಮಟ್ಟದ ಕಬ್ಬಿಣವೇ ಮೊದಲು ತಿಂದುಹೋಗುವುದು. ಈ ಸೀಮೆಯಲ್ಲಿ ಬೇಲಿಗೆಂದು ಮಾರುವ ಏಳಡಿ ಕಲ್ಲುಕಂಬವೇ ಸಾಕು. ಉದ್ದಕ್ಕೆ ಐದೈದರಂತೆ ಮೂರು ಸಾಲು, ಒಟ್ಟು 15. ಕಲ್ಲು ಆರಿಸುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಂಟೆಯ ಹಾಗೆ ಕಣ್ ಎಂದರೆ ಒಳ್ಳೆಯದು, ಬದ್ ಎಂದರೆ ಒಳಗೆ ಬಿರುಕಿದೆ. ಬಿಳಿ ಪಟ್ಟೆ ಅಡ್ಡಕ್ಕೆ ಹಾದ ಕಲ್ಲು ಬೇಲಿಗಾದರೂ ಆದೀತು, ಇಲ್ಲಿಗೆ ಬೇಡ.

ಗುಂಡಿ ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳ. ತಳದ ಒಂದಡಿ 1:3:6 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, ಮೇಲೆ ಮಣ್ಣು-ಜಲ್ಲಿ ಹಾಕಿ ದಮ್ಮಸ್ಸು. ನೆಲದಿಂದ ಮೇಲೆ ನಾಲ್ಕೂವರೆ ಅಡಿ ಉಳಿಯುತ್ತದೆ. ಅದರ ಮೇಲೆ ಚಾನೆಲ್ 3 ಇಂಚು, ಅಡ್ಡಪಟ್ಟಿ 2 ಇಂಚು, ಹಾಸು ಒಂದೂಕಾಲು ಇಂಚು. ಹೆಚ್ಚುಕಡಿಮೆ ಐದಡಿಗೆ ಮೇಲ್ಮೈ ಬರುತ್ತದೆ. ಕೆಳಗೆ ಬಗ್ಗಿಕೊಂಡಾದರೂ ಸಲಕೆ ಆಡಿಸುವಷ್ಟು ಎತ್ತರ ಇರಲೇಬೇಕು. ಮೂರಡಿಗೆ ಕಟ್ಟಿದವರ ಕೊಟ್ಟಿಗೆಯಡಿ ಹಿಕ್ಕೆ ತೆಗೆಯಲು ಕೂಲಿಯವರೂ ಒಪ್ಪುವುದಿಲ್ಲ. ತೆಗೆಯದೆ ಬಿಟ್ಟ ಹಿಕ್ಕೆಯ ಅಮೋನಿಯಾ ಹಾಸಿನ ಸಂದಿಯಿಂದ ಮೇಲೇರಿ ಮರಿಗಳಿಗೆ ಕೆಮ್ಮು ಹಿಡಿಸುತ್ತದೆ.

ಕಲ್ಲಿನ ತಲೆ ಸಮವಿರುವುದಿಲ್ಲ. ನೀರುಮಟ್ಟದ ಪೈಪು ಹಿಡಿದು ಅತಿ ಗಿಡ್ಡ ಕಂಬಕ್ಕೆ ಉಳಿದವನ್ನು ಉಳಿಯಿಂದ ಸಮಮಾಡಿ, 1:3 ಗಾರೆಯ ಮೇಲೆ 6 ಇಂಚು ಚೌಕದ ಕಬ್ಬಿಣದ ತಟ್ಟೆ ಕೂರಿಸಿ. ಚಾನೆಲ್ ಬೆಸೆಯುವುದು ಆ ತಟ್ಟೆಗೆ. ಗಾರೆ ಒಂದು ವಾರ ನೀರು ಕುಡಿದ ಮೇಲೆ ವೆಲ್ಡಿಂಗ್. ಮರುದಿನವೇ ವೆಲ್ಡ್ ಮಾಡಿದರೆ ಕಾವಿಗೆ ಗಾರೆ ಬಿಡುತ್ತದೆ.

ಮಾಡಿನ ಕಂಬಗಳು ಬೇರೆ: ಎರಡೂವರೆ ಇಂಚಿನ ಜಿಐ ಪೈಪು, ಬಿ ಕ್ಲಾಸ್ ಅಂದರೆ ಮಧ್ಯಮ ದಪ್ಪದ್ದು, ಉದ್ದದ ಎರಡೂ ಬದಿಗೆ ಐದೈದು. ಇವು ನೆಲದಿಂದಲೇ ಏಳಬೇಕು, ಎರಡಡಿ ಕಾಂಕ್ರೀಟಿನೊಳಗೆ, ಪೈಪಿನ ಸುತ್ತ ಕಾಂಕ್ರೀಟು ನೆಲಕ್ಕಿಂತ ನಾಲ್ಕಿಂಚು ಮೇಲಕ್ಕೆ ಬಂದು ಹೊರಗೆ ಇಳಿಜಾರಾಗಿರಲಿ. ಅಟ್ಟಣಿಗೆಯ ಚೌಕಟ್ಟಿಗೆ ಮಾಡಿನ ಕಂಬ ಬೆಸೆದು ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ ನಿಜ, ಆದರೆ ಏಪ್ರಿಲ್-ಮೇ ಗಾಳಿಮಳೆ ಮಾಡು ಎತ್ತಿದಾಗ ಹಾಸೂ ಅದರ ಜೊತೆ ಅಲ್ಲಾಡುತ್ತದೆ. ನಾಲ್ಕೂ ಮೂಲೆಗೆ ಓರೆ ಆಸರೆ ಕೊಡಿ.

ಕೊಟ್ಟಿಗೆಯಡಿ ಸುತ್ತ ಎರಡಡಿ ಹೆಚ್ಚು ಬಿಟ್ಟು ಮೂರಿಂಚು ಕಾಂಕ್ರೀಟು, ಉತ್ತರಕ್ಕೆ ಇಳಿಜಾರು. ಗಂಜಲ ಒಂದು ಸಣ್ಣ ಕಾಲುವೆಗೆ, ಅಲ್ಲಿಂದ ತೊಟ್ಟಿಗೆ. ಕಂಬ, ನೆಲ, ಗಾರೆ ಎಲ್ಲ ಸೇರಿ ಸಿಮೆಂಟು 22 ಮೂಟೆ ಲೆಕ್ಕ ಹಾಕಿಕೊಳ್ಳಿ.

ಹಾಸು: ಕೊಟ್ಟಿಗೆಯ ಜೀವ ಇರುವುದು ಇಲ್ಲೇ

ಉದ್ದಕ್ಕೆ 75 ಎಂಎಂ ಚಾನೆಲ್ ಮೂರು. ಅವುಗಳ ಮೇಲೆ ಅಡ್ಡಕ್ಕೆ 2 × 2 ಇಂಚಿನ ಬಾಕ್ಸ್ ಪೈಪು, 2 ಎಂಎಂ ದಪ್ಪದ್ದು, ಎರಡಡಿಗೊಂದರಂತೆ 11 ಸಾಲು. ಒಂದು ಪೈಪಿನಲ್ಲಿ 12 ಅಡಿ ಕತ್ತರಿಸಿ ಏಳೂವರೆ ಅಡಿ ದಂಡ ಮಾಡುವ ಬದಲು ಆರಡಿಯ ಮೂರು ತುಂಡು ತೆಗೆದು, ಜೋಡಣೆ ನಡುವಿನ ಚಾನೆಲ್ ಮೇಲೆ ಬರುವಂತೆ ಇಟ್ಟರೆ 8 ಪೈಪು ಸಾಕು, ಇಲ್ಲದಿದ್ದರೆ 11 ಬೇಕು. 1.6 ಎಂಎಂ ಪೈಪು ಅಗ್ಗವೆಂದು ವೆಲ್ಡಿಂಗ್‌ನವರು ಒಪ್ಪಿಸಲು ನೋಡುತ್ತಾರೆ. ಮಳೆಯ ದಿನ ಹತ್ತೂ ಮೇಕೆ ಒಂದೇ ಮೂಲೆಗೆ ಒತ್ತಿಕೊಂಡು ನಿಲ್ಲುತ್ತವೆ, ಜೊತೆಗೆ ನೀವೂ ಇರುತ್ತೀರಿ. ಆ ಭಾರಕ್ಕೆ ತೆಳು ಪೈಪು ಬಾಗುತ್ತದೆ.

ಹಾಸಿಗೆ ಮೂರು ದಾರಿ. ಮಲೆನಾಡಿನಲ್ಲಿ ಅಡಿಕೆ ದಬ್ಬೆ ಪುಕ್ಕಟೆಯಾಗಿಯೇ ಸಿಗುತ್ತದೆ, ಆದರೆ ಕೆಲವೇ ವರ್ಷಕ್ಕೆ ಬದಲಿಸುತ್ತಿರಬೇಕು, ಅದರ ಅಂಚಿನ ಸಿಬಿರು ಕೆಚ್ಚಲಿಗೆ ಚುಚ್ಚುತ್ತದೆ. ಮರದ ರೀಪರ್, ಅಂದರೆ ಸಣ್ಣ ಪಟ್ಟಿ, ಇವೆರಡರ ನಡುವಿನ ದಾರಿ. ಪ್ಲಾಸ್ಟಿಕ್ ಜಾಲರಿ ಹಾಸು ತೊಳೆಯಲು ಸುಲಭ, ದುಬಾರಿ, ತಳದ ಆಸರೆ ಸರಿಯಿಲ್ಲದಿದ್ದರೆ ಮಧ್ಯೆ ಜೋಲುತ್ತದೆ. ಈ ಕೊಟ್ಟಿಗೆಗೆ ಒಪ್ಪುವುದು ಮಿಶ್ರಣ: ದೊಡ್ಡವಕ್ಕೆ ಮರ, ಮರಿಗಳ ಅಂಕಣಕ್ಕೆ ಪ್ಲಾಸ್ಟಿಕ್.

ಪ್ಲಾಸ್ಟಿಕ್ಕು 2 × 1 ಅಡಿಯ 24 ತಟ್ಟೆ. ತಟ್ಟೆಗಳನ್ನು ಮೊದಲು ತಂದು, ಅಳೆದು, ಆಮೇಲೆ ಆ ಭಾಗದ ಅಡ್ಡಪಟ್ಟಿ ಬೆಸೆಯಿರಿ. ಕಂಪನಿಯಿಂದ ಕಂಪನಿಗೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸವಿರುತ್ತದೆ, ತಟ್ಟೆಯ ಕೊಕ್ಕೆ ಪೈಪಿನ ಮೇಲೆ ಕೂರದೆ ಗಾಳಿಯಲ್ಲಿ ನಿಲ್ಲುತ್ತದೆ.

ಮರ ಎರಡೂವರೆ ಇಂಚು ಅಗಲ, ಒಂದೂಕಾಲು ಇಂಚು ದಪ್ಪದ ರೀಪರ್. 12 ಅಡಿ ಅಗಲಕ್ಕೆ 47 ಸಾಲು. ದೊಡ್ಡ ಅಂಕಣಕ್ಕೆ 564 ಅಡಿ, ಹೋತ ಮತ್ತು ಈಯುವ ಅಂಕಣಕ್ಕೆ 192 ಅಡಿ. ಗಂಟು, ಬಿರುಕು ಇರುವುದನ್ನು ತೆಗೆದುಹಾಕಲು ಲೆಕ್ಕ ಹಿಡಿದು 830 ಅಡಿ ತರಿಸಿ.

ಸಂದಿ 15–16 ಎಂಎಂ. ಅಳತೆಗೆ ಟೇಪು ಬೇಡ: 16 ಎಂಎಂ ಕಬ್ಬಿಣದ ಕಂಬಿಯ ಎರಡು ಗೇಣುದ್ದದ ತುಂಡನ್ನು ಎರಡು ರೀಪರ್ ನಡುವೆ ಇಟ್ಟು, ಒತ್ತಿ, ಸ್ಕ್ರೂ ಹಾಕಿ, ಕಂಬಿ ಎಳೆದುಕೊಳ್ಳಿ. ಕಂಬಿ ಬಿಗಿಯಾಗಿ ಬರಬೇಕು. ಸಂದಿ ಕಡಿಮೆಯಾದರೆ ಹಿಕ್ಕೆ ಇಳಿಯುವುದಿಲ್ಲ, ಹಾಸು ಒದ್ದೆಯಾಗಿ ಗೊರಸು ಕೊಳೆಯುತ್ತದೆ. ಹೆಚ್ಚಾದರೆ ಗೊರಸು ಸಿಕ್ಕಿ, ಮೇಕೆ ಗಾಬರಿಯಿಂದ ಎಳೆದು, ಕಾಲು ಮುರಿಯುತ್ತದೆ.

ಎಲ್ಲರೂ ಎಡವುವುದು ಮರದ ಹಸಿಯಲ್ಲಿ. ಸಾಮಿಲ್ಲಿನಿಂದ ಆಗಷ್ಟೇ ಬಂದ ನೀಲಗಿರಿಯೋ ಅಕೇಶಿಯಾವೋ ಒಣಗಿದಾಗ ಒಂದೊಂದು ರೀಪರ್ ಅಗಲದಲ್ಲಿ ಮೂರರಿಂದ ಐದು ಎಂಎಂ ಕುಗ್ಗುತ್ತದೆ. ಹಾಕುವಾಗ 16 ಇದ್ದ ಸಂದಿ ಬೇಸಿಗೆಗೆ 20 ಆಗಿರುತ್ತದೆ. ಒಣಗಿಸಲು ಸಮಯವಿಲ್ಲದಿದ್ದರೆ 12 ಎಂಎಂ ಕಂಬಿ ಇಟ್ಟು ಹಾಕಿ. ಮೊದಲ ತಿಂಗಳು ದಿನಾ ಪೊರಕೆ ಆಡಿಸಬೇಕಾಗುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಒಣಗಿಸುವವರು ನೆರಳಿನಲ್ಲಿ, ಪದರದ ನಡುವೆ ಕಡ್ಡಿ ಇಟ್ಟು ಪೇರಿಸಿ. ಬಿಸಿಲಿಗೆ ಹಾಕಿದರೆ ಬಿಲ್ಲಿನಂತೆ ಬಾಗುತ್ತವೆ.

ಮೊಳೆ ಹೊಡೆಯಬೇಡಿ. ಗಂಜಲಕ್ಕೆ ಮೊಳೆ ತುಕ್ಕು ಹಿಡಿದು ತಲೆ ಹಾರುತ್ತದೆ, ಉಳಿದ ಮೊನೆ ಮೇಲೆದ್ದು ಕಾಲಿಗೆ ಚುಚ್ಚುತ್ತದೆ. ಎರಡೂವರೆ ಇಂಚಿನ ರೆಕ್ಕೆಯ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಚಪ್ಪಟೆ ತಲೆಯದು, ತಲೆ ಮರದೊಳಗೆ ಎರಡು ಎಂಎಂ ಮುಳುಗುವಷ್ಟು. ಮರ ಹಾಕುವ ಮೊದಲು ಬಾಕ್ಸ್ ಪೈಪಿನ ಮೇಲ್ಮುಖಕ್ಕೆ ರೆಡ್ ಆಕ್ಸೈಡ್ ಎರಡು ಕೋಟು, ಅದರ ಮೇಲೆ ಹಳೇ ಟ್ರ್ಯಾಕ್ಟರ್ ಟ್ಯೂಬಿನ ಎರಡಿಂಚು ಪಟ್ಟಿ. ಮರ ಮತ್ತು ಕಬ್ಬಿಣ ಕೂಡುವ ಕಡೆಯೇ ಗಂಜಲ ನಿಂತು ಪೈಪು ತಿನ್ನುವುದು, ರಬ್ಬರ್ ಪಟ್ಟಿ ಅದನ್ನು ತಡೆಯುತ್ತದೆ. ಬೆಸುಗೆಯ ಕಿಟ್ಟ ಕೆರೆದು ಬಣ್ಣ ಹಚ್ಚಿ, ಕಿಟ್ಟದ ಮೇಲೆ ಹಚ್ಚಿದ ಬಣ್ಣ ಒಂದು ಮಳೆಗಾಲಕ್ಕೆ ಉದುರುತ್ತದೆ.

ಈಯುವ ಅಂಕಣದಲ್ಲಿ 16 ಎಂಎಂ ಸಂದಿಯೂ ಹೆಚ್ಚೇ. ಹುಟ್ಟಿದ ಮರಿಯ ಗೊರಸು ಅದರಲ್ಲಿ ಹೊಗುತ್ತದೆ. ಅಲ್ಲಿ ಮೊದಲ ವಾರ ರಬ್ಬರ್ ಮ್ಯಾಟು, ಅದರ ಮೇಲೆ ಒಣಹುಲ್ಲು. ಹುಲ್ಲು ದಿನಾ ಬದಲಿಸಿ.

ಗೋಡೆ, ಗೋದಲಿ, ಏರುದಾರಿ, ಮಾಡು

ಸುತ್ತ ನಾಲ್ಕಡಿ ರೀಪರ್ ಕಟಾಂಜನ, ಮೇಲೆ ತೆರೆದ ಜಾಗ, ಮಳೆ-ಚಳಿಗೆ ಇಳಿಬಿಡಲು ತಾಡಪಾಲು. ಚಿರತೆ ಓಡಾಡುವ ಕಡೆ ಇದು ಸಾಲದು. ತುಮಕೂರು, ರಾಮನಗರದ ಗುಡ್ಡದ ಬದಿಯ ಹಳ್ಳಿಗಳಲ್ಲಿ ಹಾಸಿನಿಂದ ಮಾಡಿನ ತನಕ ದಪ್ಪ ತಂತಿಯ ಮೆಶ್ ಬೇಕೇ ಬೇಕು, ಬಾಗಿಲಿಗೂ. ಚಿರತೆ ಒಳಗೆ ಬಿದ್ದರೆ ಒಂದನ್ನು ಹೊತ್ತೊಯ್ದು ಸುಮ್ಮನಾಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕೊಲ್ಲುವುದುಂಟು.

ಗೋದಲಿಗೆ 10 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕಟಾಂಜನದ ಹೊರಗೆ, ಹಾಸಿನಿಂದ ಒಂದೂಕಾಲು ಅಡಿ ಎತ್ತರಕ್ಕೆ ಕಟ್ಟಿ. ತಲೆ ತೂರಿಸುವ ಸಂದಿ ಆರೇಳು ಇಂಚು. ದೊಡ್ಡ ಅಂಕಣದಲ್ಲಿ ಕೊಟ್ಟಿಗೆಯ ಎರಡೂ ಉದ್ದನೆಯ ಬದಿಗೆ ಗೋದಲಿ ಇರಲಿ, ಒಂದೇ ಬದಿಗಿದ್ದರೆ ಜೋರಿನ ಮೇಕೆ ಅಡ್ಡ ನಿಂತು ಉಳಿದವಕ್ಕೆ ಬಿಡುವುದಿಲ್ಲ. ನೀರಿನ ತೊಟ್ಟಿಯೂ ಹೊರಗೇ; ಒಳಗಿಟ್ಟರೆ ಹಿಕ್ಕೆ ಅದಕ್ಕೇ ಬೀಳುತ್ತದೆ.

ಏರುದಾರಿ ನಾಲ್ಕಡಿ ಅಗಲ, ನೆಲದ ಮೇಲೆ ಅಳೆದರೆ 15 ಅಡಿ ಉದ್ದ, ಒಂಬತ್ತು ಇಂಚಿಗೊಂದು ಅಡ್ಡಪಟ್ಟಿ. ಕಡಿದಾಗಿ ಕಟ್ಟಿದರೆ ಮೇಕೆಯೇನೋ ಹಾರಿ ಹತ್ತುತ್ತದೆ, ಇಳಿಯುವಾಗ ತುಂಬು ಗಬ್ಬದ್ದು ಜಾರುತ್ತದೆ.

ಮಾಡಿಗೆ 0.5 ಎಂಎಂ ಬಣ್ಣದ ಶೀಟು, 9 ಅಡಿಯದು 14. ಎರಡೂ ಬದಿಗೆ ಎರಡೂವರೆ ಅಡಿ ಚಾಚು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಸಮೇತ. ತಗ್ಗಿಗೆ ಹೊಡೆದರೆ ನೀರು ಹರಿಯುವುದೇ ಅಲ್ಲಿ. ಬೇಸಿಗೆಗೆ ಮೇಲೆ ತೆಂಗಿನ ಗರಿ ಹೊದಿಸಿ.

ಮೇಕೆ ತರುವುದು

ಸಂತೆಗಿಂತ ಸಾಕಿದವರ ಹಟ್ಟಿಯಲ್ಲೇ ಕೊಳ್ಳುವುದು ವಾಸಿ. ಬಾಯಿ ತೆರೆದು ಹಲ್ಲು ನೋಡಿ: ಎರಡು ಹಲ್ಲು ಅಂದರೆ ವರ್ಷದ ಮೇಲೆ, ನಾಲ್ಕಕ್ಕೆ ಸುಮಾರು ಎರಡು ವರ್ಷ, ಆರಕ್ಕೆ ಮೂರು. ಎರಡು-ನಾಲ್ಕು ಹಲ್ಲಿನವು ಸಾಕಲು ತಕ್ಕವು. ಕಣ್ಣಿನ ಕೆಳರೆಪ್ಪೆ ಮಡಚಿದರೆ ಕೆಂಪಗಿರಬೇಕು. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ತುಂಬಿದೆ.

ಆಮೇಲೆ ಕಿವಿ. ಓಲೆ ಇದ್ದರೆ ಅಂಕಿ ಕಾಣುವಂತೆ ಮುಖದ ಸಮೇತ ಫೋಟೊ ತೆಗೆದು, ಮಾರುವವರ ಮೊಬೈಲ್ ಸಂಖ್ಯೆ ಪಡೆದು, ಮಾಲೀಕರ ಬದಲಾವಣೆ ಮಾಡಿಸಿಕೊಡಲು ಅಲ್ಲೇ ಒಪ್ಪಿಸಿ. ದುಡ್ಡು ಕೈಗೆ ಹೋದ ಮೇಲೆ ಅವರು ಫೋನ್ ಎತ್ತುವುದಿಲ್ಲ. ಕಿವಿಯಲ್ಲಿ ತೂತಿದ್ದು ಓಲೆ ಇಲ್ಲದಿದ್ದರೆ ಕೇಳಿ. ಪೊದೆಗೆ ಸಿಕ್ಕಿ ಹರಿದಿದ್ದರೆ ತೂತಿನ ಅಂಚು ಸೀಳಿರುತ್ತದೆ. ತೂತು ದುಂಡಗೆ ಹಾಗೇ ಇದ್ದರೆ ಓಲೆಯನ್ನು ಕತ್ತರಿಸಿ ತೆಗೆದಿದ್ದಾರೆ ಎಂದರ್ಥ. ಕದ್ದ ಮೇಕೆಯೋ ಸಾಲಕ್ಕೆ ಒತ್ತೆಯಿದ್ದದ್ದೋ ಆಗಿರಬಹುದು, ಬಿಟ್ಟುಬಿಡಿ.

ವಾಹನದಲ್ಲಿ ತರುವಾಗ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು, 1978ರ ಪ್ರಾಣಿ ಸಾಗಾಣಿಕೆ ನಿಯಮಗಳಲ್ಲಿ ಇದು ಇದೆ. ತಂದವನ್ನು ನೇರ ಅಟ್ಟಣಿಗೆಗೆ ಹತ್ತಿಸದೆ ದೂರದ ರೊಪ್ಪದಲ್ಲಿ 21ರಿಂದ 30 ದಿನ ಇಡಿ. ಮೊದಲ ದಿನ ಬೆಲ್ಲ-ಉಪ್ಪಿನ ನೀರು, ಒಣಮೇವು ಮಾತ್ರ. ಬಳಲಿದ ಹೊಟ್ಟೆಗೆ ಜೋಳ, ಹಿಂಡಿ ಸುರಿದರೆ ಹೊಟ್ಟೆಯುಬ್ಬರ. ಹಿಕ್ಕೆಯನ್ನು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ, ಜಂತಿದ್ದರೆ ತೂಕ ನೋಡಿ ಔಷಧ. ಕಣ್ಣು-ಮೂಗು ಸೋರುವುದು, ಬಾಯಿಹುಣ್ಣು, ಭೇದಿ ಒಟ್ಟಿಗೆ ಬಂದರೆ ಪಿಪಿಆರ್, ಅಂದರೆ ಕುರಿ-ಮೇಕೆಗಳ ಪ್ಲೇಗ್ ಇರಬಹುದು. ಇಂಥ ರೋಗವನ್ನು ವರದಿ ಮಾಡುವುದು 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯ ಪ್ರಕಾರ ಸಾಕುವವರ ಕರ್ತವ್ಯ. ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962.

ಕಿವಿಯೋಲೆ ಮತ್ತು ನೋಂದಣಿ

ಓಲೆ ಹಾಕುವುದು ಪಶು ಆಸ್ಪತ್ರೆಯ ಸಿಬ್ಬಂದಿ, ಲಸಿಕೆ ಅಭಿಯಾನದ ಹೊತ್ತಿಗೆ ಮನೆಬಾಗಿಲಿಗೇ ಬರುತ್ತಾರೆ. ಕಾಯದೆ ಹೋಗಿ ಕೇಳಿದರೂ ಆಗುತ್ತದೆ. ಮಳೆಗಾಲದಲ್ಲಿ ಹಾಕಿಸಬೇಡಿ, ತೂತಿಗೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಮರಿಗಳಿಗೆ ಮೂರು ನಾಲ್ಕು ತಿಂಗಳಾಗಿ ಕಿವಿ ಬಲಿತ ಮೇಲೆ.

ಹಿಡಿದುಕೊಳ್ಳುವುದು ನಿಮ್ಮ ಕೆಲಸ. ಮೇಕೆಯನ್ನು ಗೋಡೆಗೆ ಒತ್ತಿ, ಗದ್ದ ಒಂದು ಕೈಯಲ್ಲಿ, ತಲೆ ಅಲ್ಲಾಡದಂತೆ. ಕಿವಿಯನ್ನು ಬೆಳಕಿಗೆ ಹಿಡಿದರೆ ರಕ್ತನಾಳ, ಎರಡು ಗಡಸು ಏಣು ಕಾಣುತ್ತವೆ. ಆ ಎರಡು ಏಣಿನ ನಡುವೆ, ನಾಳ ತಪ್ಪಿಸಿ, ಬುಡಕ್ಕೂ ತುದಿಗೂ ಮಧ್ಯೆ ಓಲೆ ಕೂರಬೇಕು. ಮೊನೆಯ ಭಾಗ ಕಿವಿಯ ಹಿಂಬದಿಯಿಂದ ಹೊಗುತ್ತದೆ. ತುದಿಗೆ ಹತ್ತಿರ ಹಾಕಿದರೆ ಬೇಲಿಗೆ ಸಿಕ್ಕಿ ಹರಿಯುತ್ತದೆ. ಏಣಿನ ಮೇಲೆ ಹಾಕಿದರೆ ಕೀವು. ಇಕ್ಕಳದ ಸೂಜಿ ಸ್ವಲ್ಪ ಬಾಗಿದ್ದರೂ ಓಲೆ ಅರ್ಧ ಕಚ್ಚಿ ನಿಲ್ಲುತ್ತದೆ, ಟಕ್ ಎಂಬ ಸದ್ದು ಬಂತೇ ನೋಡಿ, ಬೆರಳಿಂದ ತಿರುಗಿಸಿ, ಸಲೀಸಾಗಿ ತಿರುಗಬೇಕು. ಹಾಕುವ ಮೊದಲು ಸ್ಪಿರಿಟ್, ಆಮೇಲೆ ಪೊವಿಡೋನ್ ಅಯೋಡಿನ್. ಒಂದು ವಾರ ಬೇವಿನೆಣ್ಣೆ ಸವರಿ.

ಸಿಬ್ಬಂದಿ ಮೊಬೈಲಿನಲ್ಲಿ ತುಂಬುವುದನ್ನು ಪಕ್ಕದಲ್ಲೇ ನಿಂತು ನೋಡಿ: ನಿಮ್ಮ ಹೆಸರು, ಆಧಾರ್, ಮೊಬೈಲ್ ಸಂಖ್ಯೆ, ಪ್ರಾಣಿಯ ಜಾತಿ, ತಳಿ, ಲಿಂಗ, ವಯಸ್ಸು. ಒಂದು ದಿನಕ್ಕೆ ನೂರಾರು ಓಲೆ ಹಾಕುವ ಗಡಿಬಿಡಿಯಲ್ಲಿ ಮೇಕೆ ಕುರಿಯಾಗುವುದು, ಹೆಣ್ಣು ಗಂಡಾಗುವುದು ಸಾಮಾನ್ಯ. ವಿಮೆಯ ಹೊತ್ತಿಗೆ ಅದೇ ತಕರಾರು. ಬೇರೆಯವರ ಮೊಬೈಲ್ ಸಂಖ್ಯೆ ಕೊಟ್ಟರೆ ಹಿಂಡು ಅವರ ಹೆಸರಿನಲ್ಲೇ ಕೂತುಬಿಡಬಹುದು.

ಓಲೆ ಬಿದ್ದುಹೋದರೆ ಹೊಸದು ಹಾಕಿ, ಹಳೆಯ ಅಂಕಿಯ ಬದಲಿಗೆ ಎಂದೇ ನಮೂದಿಸಬೇಕು. ಹೊಸ ಪ್ರಾಣಿಯೆಂದು ನೋಂದಾಯಿಸಿದರೆ ಹಿಂದಿನ ಲಸಿಕೆ, ವಿಮೆಯ ಕೊಂಡಿ ಕಡಿಯುತ್ತದೆ. ಅದಕ್ಕೇ 12 ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವುದು. ದಿನಬಳಕೆಗೆ ಕೊನೆಯ ನಾಲ್ಕಂಕಿ ಸಾಕು. ಒಂದು ಮೇಕೆಗೆ ಒಂದು ಪುಟ: ಬಣ್ಣ-ಗುರುತು, ಕೊಂಡ ದಿನ, ಹೋತ ಹಾರಿದ ದಿನ, ಅದಕ್ಕೆ 150 ಕೂಡಿಸಿ ಈಯುವ ದಿನ, ಲಸಿಕೆ, ಜಂತುನಾಶಕ, ಮಾರಾಟ. ಲಸಿಕೆಯಲ್ಲಿ ಪಿಪಿಆರ್ ಮೂರು ತಿಂಗಳ ಮೇಲೆ ಒಮ್ಮೆ, ಮತ್ತೆ ಮೂರು ವರ್ಷಕ್ಕೆ. ಕರುಳುಬೇನೆಯದು ಪ್ರತಿವರ್ಷ ಮುಂಗಾರಿಗೆ ಮುಂಚೆ. ಕಾಲುಬಾಯಿ ಆರು ತಿಂಗಳಿಗೊಮ್ಮೆ. ಎರಡು ಲಸಿಕೆಯ ನಡುವೆ ಎರಡು ಮೂರು ವಾರ ಬಿಡಿ.

ವಿಮೆ

ಜಾನುವಾರು ಮಿಷನ್ನಿನ ವಿಮೆಯಲ್ಲಿ ಹತ್ತು ಕುರಿ-ಮೇಕೆ ಒಂದು ಜಾನುವಾರು ಘಟಕ. 2024ರ ಬದಲಾವಣೆಯಿಂದ ಸಾಕುವವರ ಪಾಲು ಪ್ರೀಮಿಯಂನ ಶೇ. 15. ಪಶುವೈದ್ಯರು ಆರೋಗ್ಯ ನೋಡಿ, ಬೆಲೆ ಕಟ್ಟಿ, ಓಲೆ ಕಾಣುವ ಫೋಟೊ ಜೊತೆ ಪ್ರಸ್ತಾವ ಕಳಿಸುತ್ತಾರೆ. ಪಾಲಿಸಿ ಕೈಗೆ ಬಂದಾಗ ಅದರಲ್ಲಿನ ಹನ್ನೊಂದು ಓಲೆಯ ಅಂಕಿಗಳನ್ನು ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿ. ಒಂದಂಕಿ ಆಚೀಚೆಯಾಗಿದ್ದರೆ ಆ ವಾರವೇ ತಿದ್ದಿಸಿ.

ಮೇಕೆ ಸತ್ತರೆ ಓಲೆ ಬಿಚ್ಚಬೇಡಿ, ಕಿವಿ ಕತ್ತರಿಸಬೇಡಿ. ಮಲಗಿದ್ದ ಜಾಗದಲ್ಲೇ ಓಲೆ ಕಾಣುವಂತೆ ಫೋಟೊ, ತಕ್ಷಣ ವಿಮೆಯವರಿಗೂ ಪಶುವೈದ್ಯರಿಗೂ ಫೋನ್, ಆಮೇಲೆ ಮರಣೋತ್ತರ ಪರೀಕ್ಷೆ. ಸತ್ತ ಕುರಿ-ಮೇಕೆಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳುವುದಿದ್ದರೂ ಪಶುವೈದ್ಯರ ಆ ವರದಿ ಬೇಕು. ಆದರೆ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಮುಟ್ಟಬೇಡಿ, ಯಾರಿಗೂ ಕೊಯ್ಯಲು ಬಿಡಬೇಡಿ. ಅದು ಅಂತ್ರಾಕ್ಸ್ ಇರಬಹುದು, ಕೊಯ್ದರೆ ಅದರ ಬೀಜಾಣು ಮಣ್ಣಿಗೆ ಸೇರಿ ಹತ್ತಾರು ವರ್ಷ ಉಳಿಯುತ್ತದೆ. ಪಶುವೈದ್ಯರು ಬಂದು ಹೇಳಿದ ಮೇಲೆ ಆರಡಿ ಗುಂಡಿ, ಕೆಳಗೂ ಮೇಲೂ ಸುಣ್ಣ, ನಾಯಿ ಕೆದಕದಂತೆ ಮೇಲೆ ಮುಳ್ಳುಕಂಟಿ. ಓಲೆಯ ಅಂಕಿಯನ್ನು ಸತ್ತಿದೆ ಎಂದು ತಂತ್ರಾಂಶದಲ್ಲೂ ನಮೂದಿಸಲು ಹೇಳಿ. ಇಲ್ಲದಿದ್ದರೆ ಮುಂದಿನ ಲಸಿಕೆಗೆ ಬಂದವರು ಹನ್ನೊಂದು ಕೇಳುತ್ತಾರೆ.